ನಿದ್ದೆಯಲ್ಲಿ ನರಳುವುದು ಬೇರೆ, ಉಸಿರು ಕಟ್ಟುವುದು ಬೇರೆ: ಮನೆಯಲ್ಲೇ ಗುರುತಿಸುವುದು ಹೇಗೆ?

ರಾತ್ರಿ ಮೂರು ಗಂಟೆ ದಾಟಿರುತ್ತದೆ. ಪಕ್ಕದಲ್ಲಿ ಮಲಗಿದವರು ಒಂದು ಉದ್ದ ಉಸಿರು ಎಳೆದುಕೊಳ್ಳುತ್ತಾರೆ. ಆಮೇಲೆ ‘ಊಂ…’ ಅಂತ ನರಳುತ್ತಾ ನಿಧಾನಕ್ಕೆ ಬಿಡುತ್ತಾರೆ. ಮತ್ತೆ ಅದೇ, ಮತ್ತೆ ಅದೇ. ಹಣೆ ಮುಟ್ಟಿ ನೋಡಿದರೆ ಜ್ವರ ಇಲ್ಲ. ಮುಖದಲ್ಲಿ ನೋವೂ ಕಾಣುವುದಿಲ್ಲ. ಮಗ್ಗುಲು ಹೊರಳಿಸಿದರೆ ನಿಲ್ಲುತ್ತದೆ, ನಮಗೆ ನಿದ್ದೆ ಹತ್ತುವಷ್ಟರಲ್ಲಿ ಮತ್ತೆ ಶುರು. ಬೆಳಿಗ್ಗೆ ಕೇಳಿದರೆ ‘ನಾನಾ? ಒಳ್ಳೆ ನಿದ್ದೆ ಬಂತಲ್ಲ’ ಅನ್ನುತ್ತಾರೆ.

ನಮ್ಮ ಕೊಡಗಿನ ಮನೆಗಳಲ್ಲಿ ಇದಕ್ಕೆ ಎರಡು ಉತ್ತರ ಸಿಗುತ್ತವೆ. ಹಿರಿಯರು ‘ಏನೋ ಸೋಕಿದೆ, ಒಂದು ನೂಲು ಕಟ್ಟಿಸು’ ಅನ್ನುತ್ತಾರೆ. ಮೊಬೈಲ್ ನೋಡಿದ ಮಕ್ಕಳು ‘ಇದು ಸ್ಲೀಪ್ ಅಪ್ನಿಯಾ, ಹಾರ್ಟಿಗೆ ಅಪಾಯ’ ಅಂತ ಹೆದರಿಸುತ್ತಾರೆ. ಎರಡೂ ಆತುರದ ಮಾತು. ನರಳಾಟ ಹೆಚ್ಚಾಗಿ ಪಕ್ಕದವರ ನಿದ್ದೆ ಕೆಡಿಸುತ್ತದೆ. ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವುದು, ಮಲಗಿದವರ ಆರೋಗ್ಯವನ್ನೇ ತಿನ್ನುತ್ತದೆ. ಮಲಗಿದವರಿಗೆ ಇದು ತಾನಾಗಿ ಗೊತ್ತಾಗುವುದು ಅಪರೂಪ. ಹಾಗಾಗಿ ಪಕ್ಕದಲ್ಲಿ ಮಲಗುವವರ ಕಿವಿಯೇ ಮೊದಲ ಪರೀಕ್ಷೆ. ಆ ಕಿವಿಯನ್ನು ಸರಿಯಾಗಿ ಬಳಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ನಾನು ಡಾಕ್ಟರ್ ಅಲ್ಲ. ಆದರೆ ನಮ್ಮ ಮನೆಯಲ್ಲಿ ಎರಡೂ ಇವೆ. ಮಾವನವರಿಗೆ ಅಪ್ನಿಯಾ, ರಾತ್ರಿ ಮೆಷಿನ್ ಹಾಕಿಕೊಂಡು ಮಲಗುತ್ತಾರೆ. ಅಕ್ಕನ ಮಗ ಸೈನ್ಯದಲ್ಲಿದ್ದಾನೆ, ಅವನಿಗೆ ನರಳಾಟ. ಬ್ಯಾರಕ್ಕಿನಲ್ಲಿ ಅಕ್ಕಪಕ್ಕದ ಹುಡುಗರು ಹೇಳುವ ತನಕ ಅವನಿಗೆ ಗೊತ್ತೇ ಇರಲಿಲ್ಲ. ರಜೆಗೆ ಬಂದಾಗ ಇಬ್ಬರೂ ನಮ್ಮ ಮನೆಯಲ್ಲೇ ಮಲಗುತ್ತಿದ್ದರು. ಎರಡು ಸದ್ದನ್ನೂ ಒಂದೇ ರಾತ್ರಿ ಕೇಳಿಸಿಕೊಂಡರೆ ವ್ಯತ್ಯಾಸ ಎಂಥವರಿಗೂ ತಿಳಿಯುತ್ತದೆ.

ಒಳಗೆ ನಡೆಯುವುದೇನು?

ಮೊದಲು ಅಪ್ನಿಯಾ. ನಿದ್ದೆ ಬಂದಾಗ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ, ಗಂಟಲಿನವು ಕೂಡ. ಬೇಸಿಗೆಯಲ್ಲಿ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವವರಿಗೆ ಇದು ಬೇಗ ಅರ್ಥವಾಗುತ್ತದೆ: ಸಕ್ಷನ್ ಪೈಪ್ ಮೆತ್ತಗಿದ್ದರೆ ಮೋಟಾರ್ ಎಳೆದ ಕೂಡಲೇ ಪೈಪ್ ಚಪ್ಪಟೆಯಾಗಿ ನೀರು ನಿಲ್ಲುತ್ತದೆ. ಗಂಟಲಲ್ಲೂ ಅದೇ ಆಗುತ್ತದೆ. ಉಸಿರು ಎಳೆದಾಗ ದಾರಿ ಮುಚ್ಚಿಕೊಳ್ಳುತ್ತದೆ. ಎದೆ, ಹೊಟ್ಟೆ ಎಳೆಯುತ್ತಲೇ ಇರುತ್ತವೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಆಗ ಮಿದುಳು ಗಾಬರಿಯಾಗಿ ಅರೆಕ್ಷಣ ಎಚ್ಚರ ಮಾಡಿಸುತ್ತದೆ, ಗಂಟಲು ತೆರೆದುಕೊಳ್ಳುತ್ತದೆ, ‘ಘರ್’ ಅಂತ ಉಸಿರು ನುಗ್ಗುತ್ತದೆ. ತೀವ್ರವಾಗಿದ್ದವರಲ್ಲಿ ಇದು ಗಂಟೆಗೆ 30ಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಇಡೀ ರಾತ್ರಿ ಹೀಗೇ ಆದರೆ ಬಿ.ಪಿ. ಏರುತ್ತದೆ, ಹೃದಯಕ್ಕೆ ಭಾರವಾಗುತ್ತದೆ, ಹಗಲು ತೂಕಡಿಕೆ ಬಿಡುವುದಿಲ್ಲ.

ನರಳಾಟದ ದಾರಿಯೇ ಬೇರೆ. ಡಾಕ್ಟರುಗಳು ಇದನ್ನು ಕ್ಯಾಟಥ್ರೀನಿಯಾ ಅನ್ನುತ್ತಾರೆ. 1983ರಲ್ಲಿ ಬೆಲ್ಜಿಯಂನವರು ಇದನ್ನು ಮೊದಲು ವರದಿ ಮಾಡಿದರು, ಹಾಗಾಗಿ ವೈದ್ಯಲೋಕಕ್ಕೂ ಇದು ಹೊಸ ವಿಷಯವೇ. 2005ರ ಅಂತರರಾಷ್ಟ್ರೀಯ ನಿದ್ದೆ ಕಾಯಿಲೆಗಳ ಪಟ್ಟಿಯಲ್ಲಿ ಇದನ್ನು ನಿದ್ದೆಯಲ್ಲಿ ಎದ್ದು ನಡೆಯುವಂಥ ತೊಂದರೆಗಳ ಗುಂಪಿಗೆ ಸೇರಿಸಿದ್ದರು. 2014ರ ಪಟ್ಟಿಯಲ್ಲಿ ಉಸಿರಾಟದ ಗುಂಪಿಗೆ, ಗೊರಕೆಯ ಪಕ್ಕಕ್ಕೆ ತಂದರು. ಇಲ್ಲಿ ಗಾಳಿ ಸಲೀಸಾಗಿ ಒಳಗೆ ಹೋಗುತ್ತದೆ. ಆಮೇಲೆ ಧ್ವನಿಪೆಟ್ಟಿಗೆಯ ಬಾಗಿಲು ಅರ್ಧ ಮುಚ್ಚಿಕೊಂಡಂತಾಗಿ, ಉಸಿರು ಬಹಳ ನಿಧಾನಕ್ಕೆ, ಸದ್ದು ಮಾಡುತ್ತಾ ಹೊರಗೆ ಬರುತ್ತದೆ. ಆಮ್ಲಜನಕ ಸಾಮಾನ್ಯವಾಗಿ ಇಳಿಯುವುದಿಲ್ಲ. ಹೆಚ್ಚಿನವರಲ್ಲಿ ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಶುರುವಾಗಿ ವರ್ಷಗಟ್ಟಲೆ ಇರುತ್ತದೆ. ಕೆಟ್ಟ ಕನಸಿಗೂ ಇದಕ್ಕೂ ಸಂಬಂಧ ಇಲ್ಲ. ಮನಸ್ಸಿನಲ್ಲಿ ಏನೋ ಕೊರಗು ಇಟ್ಟುಕೊಂಡಿದ್ದಾರೆ ಅಂತಲೂ ಅಲ್ಲ. ಹೆಂಡತಿ ನರಳಿದರೆ ಗಂಡ, ಗಂಡ ನರಳಿದರೆ ಅತ್ತೆ ಏನೇನೋ ಅರ್ಥ ಹಚ್ಚುತ್ತಾರೆ. ದಯವಿಟ್ಟು ಹಚ್ಚಬೇಡಿ.

ಹೆಜ್ಜೆ 1: ಎಬ್ಬಿಸಬೇಡಿ, ಸದ್ದು ಉಸಿರಿನ ಯಾವ ಕಡೆ ಇದೆ ನೋಡಿ

ಈ ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಗೊರಕೆ ಮುಖ್ಯವಾಗಿ ಉಸಿರು ಒಳಗೆ ಎಳೆಯುವಾಗ ಬರುತ್ತದೆ. ನರಳಾಟ ಉಸಿರು ಹೊರಗೆ ಬಿಡುವಾಗ ಬರುತ್ತದೆ.

ಬರೀ ಕಿವಿಯಿಂದ ಇದನ್ನು ಹೇಳುವುದು ಕಷ್ಟ. ಕಣ್ಣೂ ಬೇಕು. ಕೋಣೆಯ ಮೂಲೆಯಲ್ಲಿ ಸಣ್ಣ ದೀಪ ಹಾಕಿ, ಮುಖಕ್ಕೆ ಟಾರ್ಚ್ ಬಿಡಬೇಡಿ. ಕೊಡಗಿನ ಚಳಿಗೆ ಎರಡು ಕಂಬಳಿ ಹೊದ್ದಿದ್ದರೆ ಏನೂ ಕಾಣುವುದಿಲ್ಲ, ಮೇಲಿನದನ್ನು ಸೊಂಟದ ತನಕ ಸರಿಸಿ. ಹೊಟ್ಟೆಯನ್ನೇ ನೋಡುತ್ತಿರಿ. ಹೊಟ್ಟೆ ಉಬ್ಬುವಾಗ ಸದ್ದಾ? ಗೊರಕೆ. ಹೊಟ್ಟೆ ಇಳಿಯುವಾಗ, ಅದೂ ತುಂಬಾ ನಿಧಾನಕ್ಕೆ ಇಳಿಯುವಾಗ ಸದ್ದಾ? ನರಳಾಟ. ಬೆಳಕೇ ಬೇಡ ಅನಿಸಿದರೆ ಹೊಟ್ಟೆಯ ಮೇಲೆ ಅಂಗೈ ಹಗುರವಾಗಿ ಇಟ್ಟರೂ ತಿಳಿಯುತ್ತದೆ. ನಾಲ್ಕೈದು ಉಸಿರು ನೋಡಿದರೆ ಸಾಕು, ಲಯ ಕೈಗೆ ಸಿಗುತ್ತದೆ.

ಸದ್ದಿನ ಗುಣವೂ ಬೇರೆ. ಗೊರಕೆ ಗರಗರ, ಏರಿಳಿತ ಜಾಸ್ತಿ, ಗಂಟಲ ಹಿಂದಿನ ಮಾಂಸ ಅದುರುವ ಸದ್ದು. ನರಳಾಟ ಒಂದೇ ಸ್ವರದಲ್ಲಿ ಎಳೆದುಕೊಂಡು ಹೋಗುತ್ತದೆ, ಮಾತಾಡುವ ದನಿಗೆ ಹತ್ತಿರ. ಒಂದು ನರಳಿಕೆ ಎರಡು ಸೆಕೆಂಡಿನಿಂದ ಇಪ್ಪತ್ತು ಸೆಕೆಂಡ್ ತನಕ, ಕೆಲವರಲ್ಲಿ ಇನ್ನೂ ಉದ್ದ. ಕೊನೆಯಲ್ಲಿ ಒಂದು ನಿಟ್ಟುಸಿರೋ ಸಣ್ಣ ಗುಟುರೋ ಬರಬಹುದು. ಹೀಗೆ ಸಾಲುಸಾಲಾಗಿ ಕೆಲವು ನಿಮಿಷ, ಕೆಲವೊಮ್ಮೆ ಒಂದು ಗಂಟೆ ತನಕ ನಡೆಯುತ್ತದೆ.

ಹೆಜ್ಜೆ 2: ಸದ್ದು ನಿಂತಾಗ ಏನಾಗುತ್ತದೆ?

ಗೊರಕೆ ಜೋರಾಗಿ ಬರುತ್ತಿತ್ತು, ಇದ್ದಕ್ಕಿದ್ದಂತೆ ನಿಂತಿತು ಅಂದುಕೊಳ್ಳಿ. ‘ಸದ್ಯ ನಿಂತಿತಲ್ಲ’ ಅಂತ ನಾವು ಮಗ್ಗುಲಾಗುತ್ತೇವೆ. ಗಮನ ಕೊಡಬೇಕಾದ ಹೊತ್ತೇ ಅದು. ಮನಸ್ಸಿನಲ್ಲೇ ಎಣಿಸಿ. 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಉಸಿರು ನಿಂತರೆ ವೈದ್ಯರು ಅದನ್ನು ಒಂದು ಅಪ್ನಿಯಾ ಅಂತ ಎಣಿಸುತ್ತಾರೆ.

ಮಾವನವರದ್ದು ಹೀಗಿತ್ತು: ಗೊರಕೆ ಹಂಚು ಹಾರುವಷ್ಟು ಜೋರು. ಆಮೇಲೆ ಏನೂ ಇಲ್ಲ. ಆದರೆ ಬನಿಯನ್ ಒಳಗೆ ಹೊಟ್ಟೆ ಮಾತ್ರ ಎಳೆದು ಎಳೆದು ಬಿಡುತ್ತಿತ್ತು, ಕುತ್ತಿಗೆಯ ಬುಡದ ಗುಳಿ ಒಳಗೆ ಸೇದುತ್ತಿತ್ತು. ಒಮ್ಮೆಲೇ ಕಾಲು ಝಾಡಿಸಿ, ಮುಳುಗಿದವರು ಮೇಲೆ ಬಂದಹಾಗೆ ಗಟ್ಟಿಯಾಗಿ ಉಸಿರೆಳೆದು, ಮತ್ತೆ ಗೊರಕೆ. ಅತ್ತೆ ಅದನ್ನು ವರ್ಷಗಟ್ಟಲೆ ‘ಅವರ ಅಭ್ಯಾಸ’ ಅಂದುಕೊಂಡಿದ್ದರು. ಎಷ್ಟೋ ಮನೆಗಳಲ್ಲಿ ಹೀಗೇ ಅಂದುಕೊಂಡಿರುತ್ತಾರೆ.

ನರಳಾಟದಲ್ಲಿ ಈ ಒದ್ದಾಟ ಇರುವುದಿಲ್ಲ. ಉಸಿರು ನಿಂತಹಾಗೆ ಅನಿಸುತ್ತದೆ, ಯಾಕೆಂದರೆ ಮುಂದಿನ ಉಸಿರು ಬರುವುದು ತಡ. ಆದರೆ ಆ ಹೊತ್ತಿಡೀ ‘ಊಂ’ ಅನ್ನುವ ಸದ್ದು ಇದ್ದೇ ಇರುತ್ತದೆ. ಸದ್ದು ಬರುತ್ತಿದೆ ಅಂದರೆ ಗಾಳಿ ಓಡಾಡುತ್ತಿದೆ ಅಂತ ಅರ್ಥ. ಮುಖವೂ ಶಾಂತವಾಗಿರುತ್ತದೆ.

ಇನ್ನೊಂದು ಸುಳಿವು ಹೊತ್ತು. ಕನಸು ಬೀಳುವ ಹಂತದ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚು. ನರಳಾಟ ಹೆಚ್ಚಾಗಿ ಆ ಹಂತದಲ್ಲೇ ಬರುವುದರಿಂದ ರಾತ್ರಿಯ ಎರಡನೇ ಅರ್ಧದಲ್ಲಿ ಜಾಸ್ತಿ ಕೇಳುತ್ತದೆ. ಗೊರಕೆ, ಅಪ್ನಿಯಾ ಮಲಗಿದ ಸ್ವಲ್ಪ ಹೊತ್ತಿಗೇ ಶುರುವಾಗಬಹುದು. ಅಂಗಾತ ಮಲಗಿದಾಗ, ಕುಡಿದ ದಿನ ಹೆಚ್ಚುತ್ತದೆ. ಆದರೆ ಅಪ್ನಿಯಾ ಕೂಡ ಕನಸಿನ ನಿದ್ದೆಯಲ್ಲಿ ಜೋರಾಗುವುದುಂಟು. ಹಾಗಾಗಿ ಬರೀ ಗಡಿಯಾರ ನೋಡಿ ತೀರ್ಮಾನ ಮಾಡಬೇಡಿ.

ಹೆಜ್ಜೆ 3: ಮೊಬೈಲಿನಲ್ಲಿ ಹಿಡಿಯಿರಿ

ಡಾಕ್ಟರ ಮುಂದೆ ನಾವು ನರಳಿ ತೋರಿಸಿದರೆ ಅವರಿಗೂ ಗೊತ್ತಾಗುವುದಿಲ್ಲ. ಎರಡು ನಿಮಿಷದ ವಿಡಿಯೋ ಸಾಕು, ಅರ್ಧ ಕೆಲಸ ಮುಗಿಯುತ್ತದೆ. ಮೊದಲು ಅವರ ಒಪ್ಪಿಗೆ ತೆಗೆದುಕೊಳ್ಳಿ. ‘ರಾತ್ರಿ ನಿಮ್ಮ ಉಸಿರಾಟ ರೆಕಾರ್ಡ್ ಮಾಡ್ತೀನಿ, ಡಾಕ್ಟರಿಗೆ ತೋರಿಸೋಕೆ’ ಅಂತ ಹಗಲಲ್ಲೇ ಹೇಳಿಬಿಡಿ. ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ನಗೆಪಾಟಲಾದವರು ಆಮೇಲೆ ಡಾಕ್ಟರ ಹತ್ತಿರ ಬರುವುದೇ ಇಲ್ಲ.

ನಮ್ಮಲ್ಲಿ ಇದಕ್ಕೆ ಒಂದು ದೊಡ್ಡ ಅಡ್ಡಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ, ಅದರಲ್ಲೂ ಕಕ್ಕಡ ತಿಂಗಳಲ್ಲಿ, ಶೀಟಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದರೆ ಬರೀ ಮಳೆಯೇ ಕೇಳಿಸುತ್ತದೆ. ಕಾಯುವ ವ್ಯವಧಾನ ಇದ್ದರೆ ಮಳೆ ಬಿಟ್ಟ ರಾತ್ರಿಗೆ ಕಾಯಿರಿ. ಇಲ್ಲದಿದ್ದರೆ ಮೊಬೈಲನ್ನು ತಲೆಯಿಂದ ಒಂದು ಗೇಣು ದೂರದಲ್ಲಿ, ಮೈಕ್ ಇರುವ ಕೆಳತುದಿ ಬಾಯಿಯ ಕಡೆ ಬರುವಂತೆ ಇಡಿ. ದಿಂಬಿನ ಕೆಳಗೆ ತುರುಕಬೇಡಿ. ಚಾರ್ಜಿಗೆ ಹಾಕಿ ಹಾಸಿಗೆಯ ಮೇಲೆ ಬಿಡಬೇಡಿ, ಬಿಸಿಯಾಗುತ್ತದೆ. ಫ್ಯಾನ್ ಇದ್ದರೆ ಆರಿಸಿ. ಏರೋಪ್ಲೇನ್ ಮೋಡಿಗೆ ಹಾಕಿದರೆ ನಡುವೆ ಕರೆ ಬಂದು ರೆಕಾರ್ಡಿಂಗ್ ನಿಲ್ಲುವುದಿಲ್ಲ.

ಇಡೀ ರಾತ್ರಿ ಆಡಿಯೋ ಹಾಕಿ ಮಲಗಿ. ಬೆಳಿಗ್ಗೆ ಅಷ್ಟನ್ನೂ ಕೇಳಬೇಕಿಲ್ಲ. ಹೆಚ್ಚಿನ ರೆಕಾರ್ಡರ್ ಆ್ಯಪ್‌ಗಳಲ್ಲಿ ಸದ್ದಿನ ಗೆರೆ ಕಾಣುತ್ತದೆ. ಗೊರಕೆಯ ಗೆರೆ ಎದ್ದು, ನಡುವೆ ಮಟ್ಟಸವಾಗಿ, ಮತ್ತೆ ದಢಕ್ಕನೆ ಎದ್ದಿದ್ದರೆ ಆ ಜಾಗ ಕೇಳಿ. ನಾಲ್ಕೈದು ರಾತ್ರಿ ಮಾಡಿ. ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಶುರುವಾಯಿತು, ಅಂಗಾತ ಮಲಗಿದ್ದರಾ ಮಗ್ಗುಲಲ್ಲಾ, ಮೂಗು ಕಟ್ಟಿತ್ತಾ, ರಾತ್ರಿ ಪೆಗ್ ಹಾಕಿದ್ದರಾ. ಕೊನೆಯದನ್ನು ಬರೆಯಲು ಮುಜುಗರ ಬೇಡ. ಮದುವೆ, ಹುತ್ತರಿ, ಕೈಲ್ ಮುಹೂರ್ತ ಅಂದರೆ ಕುಡಿತ ನಮ್ಮಲ್ಲಿ ಮುಚ್ಚಿಡುವ ವಿಷಯ ಅಲ್ಲ. ಮದ್ಯ ಗಂಟಲ ಸ್ನಾಯುವನ್ನು ಇನ್ನಷ್ಟು ಸಡಿಲ ಮಾಡುತ್ತದೆ. ಕುಡಿದ ರಾತ್ರಿ ಮಾತ್ರ ಉಸಿರು ಕಟ್ಟುತ್ತದಾ, ದಿನಾ ಕಟ್ಟುತ್ತದಾ ಅನ್ನುವುದು ಡಾಕ್ಟರಿಗೆ ಬಹಳ ಉಪಯೋಗದ ಮಾಹಿತಿ.

ಹೆಜ್ಜೆ 4: ರಾತ್ರಿ ಕೇಳಿದ್ದನ್ನು ಹಗಲಿಗೆ ಹೊಂದಿಸಿ

ನಿದ್ದೆಯ ಗುಣಮಟ್ಟ ಹಗಲಲ್ಲಿ ಬಯಲಾಗುತ್ತದೆ. ವಿರಾಜಪೇಟೆಯಿಂದ ಮಡಿಕೇರಿಗೆ ಬಸ್ಸಿನಲ್ಲಿ ಕೂತ ಕೂಡಲೇ ತೂಕಡಿಸುತ್ತಾರಾ? ಊಟ ಆದಮೇಲೆ ಕುರ್ಚಿಯಲ್ಲೇ ಕುತ್ತಿಗೆ ವಾಲುತ್ತದಾ? ಎದುರಿಗೆ ಕೂತು ಮಾತಾಡುತ್ತಿದ್ದಂತೆ ಕಣ್ಣು ಮುಚ್ಚುತ್ತದಾ? ಆಸ್ಪತ್ರೆಗಳಲ್ಲಿ ಎಪ್‌ವರ್ತ್ ಅನ್ನುವ ಎಂಟು ಪ್ರಶ್ನೆಗಳ ಪಟ್ಟಿ ಇಂಥದ್ದನ್ನೇ ಕೇಳುತ್ತದೆ. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 24. ಹತ್ತು ದಾಟಿದರೆ ಹಗಲು ನಿದ್ದೆ ಮಿತಿಮೀರಿದೆ ಅಂತ ಲೆಕ್ಕ.

ಕೊಡಗಿನವರ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಾವು ಕಾಫಿಯ ಮೇಲೆ ನಡೆಯುವವರು. ಬೆಳಿಗ್ಗೆ ಬೆಲ್ಲದ ಕಾಫಿ, ಹತ್ತು ಗಂಟೆಗೆ ಇನ್ನೊಂದು, ಮಧ್ಯಾಹ್ನ, ಸಂಜೆ. ‘ನಂಗೇನು ನಿದ್ದೆ ಬರಲ್ಲಪ್ಪ’ ಅನ್ನುವವರ ತೂಕಡಿಕೆಯನ್ನು ಕಾಫಿ ಮುಚ್ಚಿಟ್ಟಿರಬಹುದು. ಮನೆಯಲ್ಲೇ ಇರುವ ಒಂದು ಮಧ್ಯಾಹ್ನ ಕಾಫಿ ಕೊಡದೆ ನೋಡಿ, ನಿಜ ಗೊತ್ತಾಗುತ್ತದೆ.

ಅಪ್ನಿಯಾ ಇದ್ದವರಿಗೆ ಬೆಳಿಗ್ಗೆ ತಲೆ ಭಾರ, ಬಾಯಿ ಒಣಗಿರುವುದು, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಸಣ್ಣದಕ್ಕೂ ಸಿಟ್ಟು, ಮಾತ್ರೆ ತಿಂದರೂ ಹತೋಟಿಗೆ ಬಾರದ ಬಿ.ಪಿ., ಇವೆಲ್ಲ ಇರಬಹುದು. ನರಳಾಟ ಮಾತ್ರ ಇದ್ದವರಲ್ಲಿ ಹೆಚ್ಚಿನವರು ಹಗಲು ಚೆನ್ನಾಗೇ ಇರುತ್ತಾರೆ, ಕೆಲವರು ಸುಸ್ತು ಅನ್ನುವುದುಂಟು.

ಈಗ ಹೊಲಿಗೆ ಟೇಪ್ ತನ್ನಿ. ಸ್ಟಾಪ್‌ಬ್ಯಾಂಗ್ ಅನ್ನುವ ಇನ್ನೊಂದು ಪಟ್ಟಿ ಇದೆ, ಇದೂ ಎಂಟು ಪ್ರಶ್ನೆ, ಹೌದು ಅಂದರೆ ಒಂದೊಂದು ಅಂಕ. ಬಾಗಿಲು ಮುಚ್ಚಿದರೂ ಕೇಳುವಷ್ಟು ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದು, ಬಿ.ಪಿ., ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 35ಕ್ಕಿಂತ ಜಾಸ್ತಿ, ವಯಸ್ಸು 50 ದಾಟಿದ್ದು, ಕುತ್ತಿಗೆ ಸುತ್ತಳತೆ 40 ಸೆಂಟಿಮೀಟರ್ ಮೀರಿದ್ದು, ಗಂಡಸಾಗಿರುವುದು. ಮೂರು ಬಂದರೆ ಪರೀಕ್ಷೆ ಮಾಡಿಸಬೇಕು ಅನ್ನುವಷ್ಟು ಅನುಮಾನ. ಐದು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಡ ಮಾಡಬೇಡಿ.

ಈ ಪಟ್ಟಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಭಾರತೀಯರಿಗೆ ಅಷ್ಟು ದಪ್ಪ ಇಲ್ಲದೆಯೂ ಅಪ್ನಿಯಾ ಬರುತ್ತದೆ, ದವಡೆ ಚಿಕ್ಕದಿದ್ದರೆ ಸಣಕಲು ಮೈಯವರಿಗೂ ಬರುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ. ಅವರು ಗೊರಕೆ ಅನ್ನುವುದಿಲ್ಲ, ‘ನಿದ್ದೆ ಬರಲ್ಲ, ಏನೋ ಸುಸ್ತು’ ಅನ್ನುತ್ತಾರೆ. ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಅತ್ತೆಯ, ಅಮ್ಮನ ಉಸಿರನ್ನೂ ಒಂದು ರಾತ್ರಿ ಕೇಳಿ.

ಹೆಜ್ಜೆ 5: ಇವೆರಡೂ ಅಲ್ಲದಿರಬಹುದು

ನರಳುವ ಸದ್ದಿನ ಜೊತೆಗೆ ಕೈಕಾಲು ಸೆಟೆದು ಅದುರಿದರೆ, ನಾಲಗೆ ಕಚ್ಚಿಕೊಂಡಿದ್ದರೆ, ಹಾಸಿಗೆ ಒದ್ದೆಯಾಗಿದ್ದರೆ ಅದು ಫಿಟ್ಸ್ ಇರಬಹುದು. ಅದನ್ನು ನರರೋಗ ತಜ್ಞರಿಗೇ ತೋರಿಸಬೇಕು.

ಉಸಿರು ಎಳೆಯುವಾಗ ಶಿಳ್ಳೆಯಂಥ, ಕೀರಲು ಸದ್ದು ಬಂದರೆ ಅದು ಗೊರಕೆಯೂ ಅಲ್ಲ, ನರಳಾಟವೂ ಅಲ್ಲ. ಧ್ವನಿಪೆಟ್ಟಿಗೆ ಹತ್ತಿರ ದಾರಿ ಕಿರಿದಾಗಿದೆ ಅಂತ ಅರ್ಥ. ಬೇಗ ಆಸ್ಪತ್ರೆಗೆ ಹೋಗಿ.

ಕೂಗುತ್ತಾ, ಗುದ್ದುತ್ತಾ, ಕನಸಿನಲ್ಲಿ ಜಗಳ ಆಡುವವರಂತೆ ಮಂಚದಿಂದ ಬೀಳುವ ಹಿರಿಯರಿದ್ದರೆ ಅದನ್ನೂ ತೋರಿಸಿ. ಮುಂದೆ ಬರಬಹುದಾದ ಪಾರ್ಕಿನ್ಸನ್‌ನಂಥ ಕಾಯಿಲೆಗೆ ಅದು ಮುನ್ಸೂಚನೆ ಇರಬಹುದು.

ಮಕ್ಕಳ ವಿಷಯ ಬೇರೆಯೇ. ಶೀತ ಇಲ್ಲದಿದ್ದರೂ ಮಗು ದಿನಾ ಗೊರಕೆ ಹೊಡೆಯುತ್ತದೆ, ಬಾಯಿ ಬಿಟ್ಟು ಮಲಗುತ್ತದೆ, ಓದಿನಲ್ಲಿ ಗಮನ ಇಲ್ಲ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆ ಅಂದರೆ ಟಾನ್ಸಿಲ್, ಅಡಿನಾಯ್ಡ್ ದೊಡ್ಡದಾಗಿರಬಹುದು. ಇ.ಎನ್.ಟಿ. ಡಾಕ್ಟರಿಗೆ ತೋರಿಸಿ. ಮಳೆಗಾಲದ ತೇವ, ಗೋಡೆಯ ಬೂಸ್ಟು, ಸೌದೆ ಒಲೆಯ ಹೊಗೆ ಮೂಗಿನ ಅಲರ್ಜಿಯನ್ನು ಜಾಸ್ತಿ ಮಾಡುತ್ತವೆ. ಮಗು ಮಲಗುವ ಕೋಣೆ ಒಣಗಿರುವಂತೆ ನೋಡಿಕೊಳ್ಳಿ. ಗರ್ಭಿಣಿಯರಿಗೆ ಹೊಸದಾಗಿ ಜೋರು ಗೊರಕೆ ಶುರುವಾಗಿ ಬಿ.ಪಿ.ಯೂ ಏರಿದ್ದರೆ ಮುಂದಿನ ಚೆಕಪ್‌ಗೆ ಕಾಯಬೇಡಿ.

ಹೆಜ್ಜೆ 6: ಅವರಿಗೆ ಹೇಳುವುದು

ಈ ಹೆಜ್ಜೆಯನ್ನು ಯಾರೂ ಬರೆಯುವುದಿಲ್ಲ, ಆದರೆ ಹೆಚ್ಚಿನ ಮನೆಗಳಲ್ಲಿ ವಿಷಯ ಇಲ್ಲೇ ನಿಂತುಬಿಡುತ್ತದೆ. ನರಳಾಟದ ಸದ್ದು ಕೆಲವೊಮ್ಮೆ ಕೇಳಿದವರಿಗೆ ಬೇರೆ ಅರ್ಥ ಕೊಡುತ್ತದೆ. ಕೂಡುಕುಟುಂಬದಲ್ಲಿ, ಗೋಡೆ ತೆಳುವಾಗಿರುವ ಲೈನ್ ಮನೆಗಳಲ್ಲಿ, ಹಾಸ್ಟೆಲಿನಲ್ಲಿ ಇದರಿಂದ ಆಗುವ ಅವಮಾನ ಸಣ್ಣದಲ್ಲ. ನೆಂಟರ ಮನೆಯಲ್ಲಿ ರಾತ್ರಿ ಉಳಿಯುವುದನ್ನೇ ಬಿಟ್ಟವರಿದ್ದಾರೆ. ಮದುವೆಗೆ ಒಪ್ಪಲು ಹಿಂಜರಿಯುವ ಹುಡುಗಿಯರಿದ್ದಾರೆ. ನನ್ನ ಮಟ್ಟಿಗೆ ನರಳಾಟದ ನಿಜವಾದ ನೋವು ಇದೇ.

ಅದಕ್ಕೇ ಊಟದ ಮೇಜಿನಲ್ಲಿ, ಎಲ್ಲರ ಮುಂದೆ ಹೇಳಬೇಡಿ. ಒಬ್ಬರೇ ಇದ್ದಾಗ ಹೇಳಿ. ‘ನೀನು ನಿದ್ದೇಲಿ ಉಸಿರು ಬಿಡೋವಾಗ ಒಂದು ಸದ್ದು ಬರ್ತದೆ ಮಗಾ. ನಿನ್ನ ತಪ್ಪಲ್ಲ ಅದು. ಒಮ್ಮೆ ಡಾಕ್ಟರಿಗೆ ಕೇಳಿಸಿಕೊಂಡು ಬರೋಣ’ ಅಂತ ಅಕ್ಕ ಮಗನಿಗೆ ಹೇಳಿದ್ದು ಇಷ್ಟೇ. ಹಿರಿಯ ಗಂಡಸರು ಬೇರೆ ಥರ. ಗೊರಕೆ ಅಂದರೆ ನಕ್ಕು ತಳ್ಳಿಹಾಕುತ್ತಾರೆ. ಅವರಿಗೆ ‘ಗೊರಕೆಯಿಂದ ನಮಗೆ ತೊಂದರೆ’ ಅನ್ನಬೇಡಿ, ‘ನಿಮ್ಮ ಉಸಿರು ನಿಲ್ತಾ ಇದೆ’ ಅನ್ನಿ, ರೆಕಾರ್ಡಿಂಗ್ ಕೇಳಿಸಿ. ತಮ್ಮ ಉಸಿರು ನಿಂತದ್ದನ್ನು ತಾವೇ ಕೇಳಿದವರು ಆಮೇಲೆ ವಾದ ಮಾಡುವುದು ಕಡಿಮೆ.

ಹೆಜ್ಜೆ 7: ಡಾಕ್ಟರ ಹತ್ತಿರ, ಆಮೇಲೆ ಸ್ಲೀಪ್ ಸ್ಟಡಿ

ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರ್ ಸಾಕು. ಅವರು ಇ.ಎನ್.ಟಿ. ಅಥವಾ ಶ್ವಾಸಕೋಶ ತಜ್ಞರ ಹತ್ತಿರ ಕಳಿಸುತ್ತಾರೆ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಅಲ್ಲಿ ತೋರಿಸಬಹುದು. ಇಡೀ ರಾತ್ರಿಯ ಸ್ಲೀಪ್ ಸ್ಟಡಿಗೆ, ಅಂದರೆ ಮಲಗಿಸಿ ಮಾಡುವ ನಿದ್ದೆಯ ಪರೀಕ್ಷೆಗೆ, ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳನ್ನು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಿದ್ದೆಯ ತೊಂದರೆಗಳನ್ನು ನೋಡುತ್ತಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಒಂದು ರಾತ್ರಿ ಉಳಿಯುವ ತಯಾರಿಯಲ್ಲೇ ಹೋಗಿ. ಒಂದು ಮಾತು: ಹಗಲು ತೂಕಡಿಸುವವರೇ ಕಾರು ಓಡಿಸಿಕೊಂಡು ಹೋಗುವುದು ಬೇಡ. ಪರೀಕ್ಷೆಗೆ ಹೋಗುವಾಗಲೂ ಬೇಡ, ಚಿಕಿತ್ಸೆ ಶುರುವಾಗುವ ತನಕ ಸಂಪಾಜೆ ಘಾಟಿಯಲ್ಲಂತೂ ಬೇಡವೇ ಬೇಡ.

ಲ್ಯಾಬಿನಲ್ಲಿ ತಲೆಗೆ, ಕಣ್ಣಿನ ಪಕ್ಕ, ಗದ್ದಕ್ಕೆ, ಕಾಲಿಗೆ ವೈರು ಅಂಟಿಸುತ್ತಾರೆ. ಮೂಗಿನ ಹತ್ತಿರ ಗಾಳಿ ಅಳೆಯುವ ಸಣ್ಣ ಕೊಳವೆ, ಎದೆಗೂ ಹೊಟ್ಟೆಗೂ ಬೆಲ್ಟು, ಬೆರಳಿಗೆ ಕ್ಲಿಪ್ಪು. ನೋವು ಏನೂ ಇಲ್ಲ. ಮನೆಗೆ ಕೊಟ್ಟು ಕಳಿಸುವ ಸಣ್ಣ ಯಂತ್ರವೂ ಇದೆ. ಅಪ್ನಿಯಾ ಅನುಮಾನಕ್ಕೆ ಅದು ಎಷ್ಟೋ ಸಲ ಸಾಕಾಗುತ್ತದೆ. ನರಳಾಟದ ಅನುಮಾನ ಇದ್ದರೆ ಮಾತ್ರ ಲ್ಯಾಬಿನ ಪರೀಕ್ಷೆಯೇ ಒಳ್ಳೆಯದು.

ಯಾಕೆ ಅಂದರೆ, ನರಳುವಾಗ ಉಸಿರು ಎಷ್ಟು ನಿಧಾನಕ್ಕೆ ಬರುತ್ತದೆ ಅಂದರೆ ಯಂತ್ರದ ಗೆರೆ ಸುಮಾರಾಗಿ ಮಟ್ಟಸವಾಗುತ್ತದೆ, ಎದೆಯ ಅಲುಗಾಟವೂ ಕಾಣುವುದಿಲ್ಲ. ಸದ್ದು ಕೇಳದೆ ಗೆರೆ ಮಾತ್ರ ನೋಡಿದವರಿಗೆ ಅದು ಸೆಂಟ್ರಲ್ ಅಪ್ನಿಯಾದ ಹಾಗೆ ಕಾಣುತ್ತದೆ. ಅಂದರೆ ಮಿದುಳೇ ಉಸಿರಾಡು ಅಂತ ಹೇಳುವುದನ್ನು ಮರೆತಹಾಗೆ. ಚಿಕಿತ್ಸೆಯೇ ಬೇರೆ ದಾರಿಗೆ ಹೋಗಬಹುದು. ಹಾಗಾಗಿ ಮೊದಲೇ ಕೇಳಿ: ‘ಸರ್, ಆಡಿಯೋ, ವಿಡಿಯೋ ರೆಕಾರ್ಡ್ ಆಗುತ್ತಾ? ಉಸಿರು ಬಿಡುವಾಗ ನರಳುತ್ತಾರೆ, ಅದನ್ನು ನೋಡಿ’. ನಿಮ್ಮ ಮೊಬೈಲಿನ ಕ್ಲಿಪ್ಪನ್ನೂ ತೋರಿಸಿ.

ರಿಪೋರ್ಟಿನಲ್ಲಿ ಎ.ಎಚ್.ಐ. ಅಂತ ಒಂದು ಅಂಕಿ ಇರುತ್ತದೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಅನ್ನುವ ಲೆಕ್ಕ ಅದು. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಅಪ್ನಿಯಾ ಇಲ್ಲ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಆಮ್ಲಜನಕ ಎಷ್ಟಕ್ಕೆ ಇಳಿದಿತ್ತು ಅನ್ನುವುದನ್ನೂ ಕೇಳಿ ತಿಳಿದುಕೊಳ್ಳಿ. ಒಬ್ಬರಿಗೇ ಎರಡೂ ಇರಬಹುದು. ಆಗ ಮೊದಲು ಅಪ್ನಿಯಾಕ್ಕೆ ಚಿಕಿತ್ಸೆ.

ಕೊರೊನಾ ಕಾಲದಲ್ಲಿ ತಂದ ಬೆರಳಿನ ಆಕ್ಸಿಮೀಟರ್ ಹಾಕಿ ‘98 ಇದೆ, ಏನೂ ಇಲ್ಲ’ ಅನ್ನುವವರಿದ್ದಾರೆ. ಎಚ್ಚರ ಇದ್ದಾಗ ಅಪ್ನಿಯಾ ಇದ್ದವರದ್ದೂ ಸರಿಯಾಗೇ ಇರುತ್ತದೆ. ಅದನ್ನು ನೋಡಿ ಸಮಾಧಾನ ಪಡಬೇಡಿ.

ಹೆಜ್ಜೆ 8: ಅಪ್ನಿಯಾ ಅಂತ ಗೊತ್ತಾದರೆ

ತೂಕ ಇಳಿಸುವುದು, ಮಗ್ಗುಲಲ್ಲಿ ಮಲಗುವುದು, ರಾತ್ರಿಯ ಮದ್ಯ ಬಿಡುವುದು, ಡಾಕ್ಟರ್ ಹೇಳದೆ ನಿದ್ದೆ ಮಾತ್ರೆ ನುಂಗದಿರುವುದು, ಇವು ಎಲ್ಲರಿಗೂ ಇದ್ದದ್ದೇ. ಅಂಗಾತ ಹೊರಳುವವರಿಗೆ ಹಳೆ ಬನಿಯನ್ ಬೆನ್ನಿಗೆ ಜೇಬು ಹೊಲಿದು ಒಂದು ಟೆನಿಸ್ ಬಾಲ್ ಹಾಕಿ. ಮಧ್ಯಮ, ತೀವ್ರ ಅಪ್ನಿಯಾಕ್ಕೆ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಮೆಷಿನ್. ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ. ಅದು ಒಗ್ಗದವರಿಗೆ ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿಯುವ ಪ್ಲೇಟ್ ಇದೆ. ಅನುಭವ ಇರುವ ದಂತವೈದ್ಯರಿಂದಲೇ ಅಳತೆ ಕೊಟ್ಟು ಮಾಡಿಸಬೇಕು, ಆನ್‌ಲೈನಿನಲ್ಲಿ ತರಿಸುವುದಲ್ಲ.

ಸಿಪ್ಯಾಪ್ ಮತ್ತು ಕೊಡಗಿನ ಮಳೆಗಾಲ ಒಟ್ಟಿಗೆ ಹೋಗಬೇಕಾದರೆ ಸ್ವಲ್ಪ ಸಿದ್ಧತೆ ಬೇಕು. ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಮೆಷಿನ್ ಕೊಳ್ಳುವಾಗಲೇ ಇನ್ವರ್ಟರಿನಲ್ಲಿ ಎಷ್ಟು ಹೊತ್ತು ಓಡುತ್ತದೆ, ಬ್ಯಾಟರಿ ಸಿಗುತ್ತದಾ ಅಂತ ಕೇಳಿ. ಹೆಚ್ಚು ಕರೆಂಟ್ ತಿನ್ನುವುದು ಗಾಳಿಗೆ ತೇವ ಕೊಡುವ ಹೀಟರ್. ಇನ್ವರ್ಟರಿನಲ್ಲಿ ಓಡುವಾಗ ಅದನ್ನು ಆರಿಸಿದರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ಏನೂ ಇಲ್ಲದ ರಾತ್ರಿ ಮಾಸ್ಕ್ ತೆಗೆದು, ತಲೆ ಕಡೆ ಎತ್ತರ ಮಾಡಿ, ಮಗ್ಗುಲಲ್ಲಿ ಮಲಗಬೇಕು.

ಡಿಸೆಂಬರ್, ಜನವರಿಯ ಚಳಿಗೆ ಕೊಳವೆಯ ಒಳಗೆ ನೀರು ಕಟ್ಟಿ ಗುಳುಗುಳು ಅನ್ನುತ್ತದೆ. ಕೊಳವೆಗೆ ಉಲ್ಲನ್ ಬಟ್ಟೆ ಸುತ್ತಿ ಅಥವಾ ಕಂಬಳಿಯ ಒಳಗಿಂದ ಹಾಯಿಸಿ. ಮಾಸ್ಕನ್ನು ದಿನಾ, ಕೊಳವೆಯನ್ನು ವಾರಕ್ಕೊಮ್ಮೆ ಸೌಮ್ಯ ಸೋಪಿನ ನೀರಿನಲ್ಲಿ ತೊಳೆಯಿರಿ. ಮಳೆಗಾಲದಲ್ಲಿ ಒಣಗುವುದೇ ಕಷ್ಟ, ಒದ್ದೆ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಹಾಗಂತ ಬಟ್ಟೆ ಒಣಗಿಸುವಂತೆ ಕೆಂಡದ ಮೇಲೆ, ಹೊಗೆಯಲ್ಲಿ ತೂಗುಹಾಕಬೇಡಿ. ಪ್ಲಾಸ್ಟಿಕ್ ಹಾಳಾಗುತ್ತದೆ, ಹೊಗೆಯ ವಾಸನೆ ರಾತ್ರಿಯಿಡೀ ಮೂಗಿಗೆ ಹೋಗುತ್ತದೆ. ಫ್ಯಾನಿನ ಕೆಳಗೆ ಎರಡೂ ತುದಿ ಕೆಳಗೆ ಮಾಡಿ ತೂಗುಹಾಕಿ. ತೇವದ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಕೊಳವೆಬಾವಿ ನೀರು ಬೇಡ.

ಮೊದಲ ಎರಡು ವಾರ ಕಷ್ಟ. ಮಾವನವರು ಮಾಸ್ಕ್ ಕಿತ್ತೆಸೆದ ರಾತ್ರಿಗಳಿವೆ. ಹಗಲು ಟಿ.ವಿ. ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ಅಭ್ಯಾಸ ಮಾಡಿದ ಮೇಲೆ ಒಗ್ಗಿತು. ಗಾಳಿ ಸೋರಿದರೆ, ಮೂಗಿನ ಮೇಲೆ ಹುಣ್ಣಾದರೆ ಮಾಸ್ಕಿನ ಅಳತೆ ತಪ್ಪಿದೆ ಅಂತ ಅರ್ಥ, ಬದಲಿಸಿ ಕೊಡಲು ಕೇಳಿ.

ಹೆಜ್ಜೆ 9: ಬರೀ ನರಳಾಟ ಅಂತ ಗೊತ್ತಾದರೆ

ಇದಕ್ಕೆ ಖಚಿತ ಔಷಧ ಇಲ್ಲ. ಮಾತ್ರೆ ಕೊಟ್ಟು ನಿಲ್ಲಿಸುತ್ತೇವೆ ಅನ್ನುವವರನ್ನು ನಂಬಿ ದುಡ್ಡು ಕಳೆಯಬೇಡಿ. ಸದ್ದು ತೀರಾ ಜಾಸ್ತಿ ಇದ್ದು, ನಿದ್ದೆ ಒಡೆಯುತ್ತಿದ್ದರೆ ಸಿಪ್ಯಾಪ್‌ನಿಂದ ಕೆಲವರಿಗೆ ಕಡಿಮೆಯಾಗಿದೆ. ದವಡೆಯ ಪ್ಲೇಟ್‌ನಿಂದಲೂ ಕೆಲವರಿಗೆ ಅನುಕೂಲವಾಗಿದೆ. ಇನ್ನು ಕೆಲವರಿಗೆ ಏನೂ ಆಗಿಲ್ಲ. ಹಗಲು ಆರೋಗ್ಯವಾಗಿದ್ದು, ಸ್ಲೀಪ್ ಸ್ಟಡಿಯೂ ಸರಿ ಇದ್ದರೆ ಚಿಕಿತ್ಸೆ ಇಲ್ಲದೆ ಇರಬಹುದು.

ಆಗ ನೋಡಿಕೊಳ್ಳಬೇಕಾದ್ದು ಪಕ್ಕದವರ ನಿದ್ದೆ. ಮೆಡಿಕಲ್ ಶಾಪಿನ ಫೋಮ್ ಇಯರ್‌ಪ್ಲಗ್ ಒಳ್ಳೆಯದು, ಬೆರಳಲ್ಲಿ ಹೊಸೆದು ಸಣ್ಣ ಮಾಡಿ ಕಿವಿಗೆ ಹಾಕಿ ಉಬ್ಬುವ ತನಕ ಹಿಡಿದಿರಿ. ನರಳಾಟ ಶುರುವಾದಾಗ ಭುಜ ಹಿಡಿದು ಮೆಲ್ಲಗೆ ಮಗ್ಗುಲು ತಿರುಗಿಸಿದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಗದರಿಸಿ ಎಬ್ಬಿಸಬೇಡಿ. ಬೆಳಗಿನ ಜಾವಕ್ಕೆ ಸದ್ದು ಜಾಸ್ತಿ ಅನ್ನುವುದರಿಂದ, ಪಕ್ಕದವರು ಬೇಗ ಮಲಗಿ ಮೊದಲ ಅರ್ಧದಲ್ಲೇ ಗಟ್ಟಿ ನಿದ್ದೆ ಮುಗಿಸಿಕೊಳ್ಳಬಹುದು. ಗಂಡ ಹೆಂಡತಿ ಬೇರೆ ಕೋಣೆಯಲ್ಲಿ ಮಲಗಿದರೆ ಮನೆಯಲ್ಲಿ ಮಾತು ಬರುತ್ತದೆ ಅಂತ ಹೆದರುವವರಿದ್ದಾರೆ. ನಿದ್ದೆಗೆಟ್ಟು ಹಗಲು ಜಗಳ ಆಡುವುದಕ್ಕಿಂತ ವಾರದಲ್ಲಿ ಎರಡು ರಾತ್ರಿ ಬೇರೆ ಮಲಗುವುದು ವಾಸಿ. ಅತ್ತೆ ಮಾವನಿಗೆ ವಿಷಯ ಬಿಡಿಸಿ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ.

ಹಾಸ್ಟೆಲ್, ಬ್ಯಾರಕ್ಕಿನಲ್ಲಿ ಇರುವವರು ಸ್ಲೀಪ್ ಸ್ಟಡಿಯ ರಿಪೋರ್ಟಿನ ಒಂದು ಪ್ರತಿ ಇಟ್ಟುಕೊಳ್ಳಿ. ‘ಇದು ಉಸಿರು ಬಿಡುವಾಗ ಬರುವ ಸದ್ದು, ಅಪ್ನಿಯಾ ಇಲ್ಲ’ ಅಂತ ಡಾಕ್ಟರಿಂದ ಎರಡು ಸಾಲು ಬರೆಸಿಕೊಳ್ಳಿ. ಜೊತೆಯವರಿಗೆ ಮೊದಲ ವಾರದಲ್ಲೇ ನೀವೇ ಹೇಳಿಬಿಡಿ. ಅಕ್ಕನ ಮಗ ಹಾಗೇ ಮಾಡಿದ, ಮೂಲೆಯ ಮಂಚ ಕೇಳಿ ಪಡೆದ.

ವರ್ಷಗಳು ಕಳೆದಂತೆ ತೂಕ ಏರಿದರೆ, ನರಳಾಟದ ಜೊತೆ ಹೊಸದಾಗಿ ಗೊರಕೆ ಸೇರಿದರೆ, ಹಗಲು ತೂಕಡಿಕೆ ಶುರುವಾದರೆ ಹಳೆ ರಿಪೋರ್ಟ್ ನೋಡಿ ಸುಮ್ನೆ ಇರಬೇಡಿ. ಮೊದಲನೇ ಹೆಜ್ಜೆಯಿಂದ ಮತ್ತೆ ಕೇಳಿಸಿಕೊಳ್ಳಿ, ಪರೀಕ್ಷೆ ಮತ್ತೊಮ್ಮೆ ಮಾಡಿಸಿ.